ರಾಡಿಯಲ್ಲಿ ಅಡಗಿರುವ ಉರಿ

ಬೇಸಗೆಯಲ್ಲಿ ಕೆರೆಯ ನೀರು ಇಳಿದು ದಂಡೆಯ ಬಳಿ ಕೆಸರು ನಿಂತಾಗ ಹುಡುಗರು ಕೋಲಿನಿಂದ ಆ ಕೆಸರನ್ನು ಕೆದಕುವುದನ್ನು ನಾವೆಲ್ಲರೂ ನೋಡಿದ್ದೇವೆ. ಕೋಲು ಒಳಕ್ಕೆ ಇಳಿದೊಡನೆಯೇ ಗುಳ್ಳೆಗಳು ಮೇಲೆದ್ದು ಒಡೆಯುತ್ತವೆ. ಒಂದು ಬಗೆಯ ದುರ್ವಾಸನೆ ಮೂಗಿಗೆ ಬಡಿಯುತ್ತದೆ. ಮಕ್ಕಳಾಟವೆಂದು ತೋರುವ ಈ ಕೆಲಸವನ್ನೇ 1776ರಲ್ಲಿ ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ ಮಜ್ಜೋರೆ ಸರೋವರದ ದಂಡೆಯಲ್ಲಿ ಮಾಡಿದನು. ನೀರು ತುಂಬಿ ಬೋರಲಾಗಿ ಹಿಡಿದ ಸೀಸೆಯಲ್ಲಿ ಆ ಗುಳ್ಳೆಗಳನ್ನು ಕೂಡಿಟ್ಟು, ಬಳಿಕ ಅದಕ್ಕೆ ಉರಿ ತಾಗಿಸಿದನು. ಅನಿಲವು ನೀಲಿ ಜ್ವಾಲೆಯಿಂದ ಉರಿಯಿತು. ಮುಂದೆ ವಿದ್ಯುತ್ಕೋಶವನ್ನು ರಚಿಸಿ, ‘ವೋಲ್ಟ್’ ಎಂಬ ಮಾನಕ್ಕೆ ತನ್ನ ಹೆಸರನ್ನು ಬಿಟ್ಟುಹೋದ ವೋಲ್ಟಾ ಇವನೇ. ಅವನು ಹಿಡಿದ ಅನಿಲವನ್ನು ಈಗ ನಾವು ಮೀಥೇನ್ ಎಂದು ಕರೆಯುತ್ತೇವೆ.

ಕೆರೆಯ ಕೆಸರಿನಲ್ಲಿ ಹುಟ್ಟುವ ಈ ಅನಿಲವನ್ನು ಕಾರ್ಖಾನೆಯ ಕೊಳೆಯಿಂದ ಪಡೆಯಲು ಸಾಧ್ಯವೆ? ಸಾಧ್ಯವಾದರೆ ಎಷ್ಟು ದೊರೆತೀತು? ಅದನ್ನು ತೆಗೆದ ಮೇಲೆ ಕೊಳೆಯ ಗತಿಯೇನು? ಈ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿಚಾರ ಮಾಡೋಣ.

ನಮ್ಮ ಸುತ್ತಲಿನ ರಾಡಿ

ಯರಗಟ್ಟಿಯು ಎರಡು ನದಿಗಳ ನಡುವಣ ಊರು. ದಕ್ಷಿಣಕ್ಕೆ ಮುನವಳ್ಳಿಯ ಕಡೆ ಮಲಪ್ರಭೆ, ಉತ್ತರಕ್ಕೆ ಗೋಕಾಕದ ಕಡೆ ಘಟಪ್ರಭೆ. ನವಿಲುತೀರ್ಥದ ಅಣೆಕಟ್ಟಿನಿಂದಲೂ ಕೊಳವೆಬಾವಿಗಳಿಂದಲೂ ನೀರು ದೊರೆತ ಮೇಲೆ ಈ ಭಾಗದ ಎರೆನೆಲದಲ್ಲಿ ಜೋಳ, ಹತ್ತಿಗಳ ಜೊತೆಗೆ ಕಬ್ಬೂ ಬೇರೂರಿತು. ಇಂದು ಬೆಳಗಾವಿ ಜಿಲ್ಲೆಯೊಂದರಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ; ಸಕ್ಕರೆಯ ವಿಜ್ಞಾನವನ್ನು ಬೋಧಿಸುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯೂ ಬೆಳಗಾವಿಯಲ್ಲಿಯೇ ಇದೆ. ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಕಬ್ಬು ಬೆಳೆಯುವ ಮನೆಗಳವರು. ಆದುದರಿಂದ ಕಬ್ಬು ಕಾರ್ಖಾನೆಯನ್ನು ಹೊಕ್ಕ ಮೇಲೆ ಏನಾಗುತ್ತದೆಂಬುದು ಅವರಿಗೆ ಮನೆಯ ಮಾತೇ ಆಗಿದೆ.

ಕಬ್ಬನ್ನು ಅರೆದಾಗ ಮೊದಲು ಸಿಪ್ಪೆ ಉಳಿಯುತ್ತದೆ; ಅದು ಬಾಯ್ಲರಿನ ಒಲೆಗೆ ಹೋಗುತ್ತದೆ. ಹಾಲಿಗೆ ಸುಣ್ಣವನ್ನೂ ಗಂಧಕದ ಹೊಗೆಯನ್ನೂ ಕೂಡಿಸಿ ತಿಳಿಗೊಳಿಸಿದಾಗ ತಳಕ್ಕಿಳಿಯುವ ಕೊಳೆಯನ್ನು ಸೋಸಿ ತೆಗೆಯುತ್ತಾರೆ. ಕಪ್ಪಾಗಿ, ಮೆತ್ತಗೆ, ತೇವವಾಗಿರುವ ಈ ಮಡ್ಡಿಗೆ ಪ್ರೆಸ್‌ಮಡ್ ಎಂದು ಹೆಸರು. ನೂರು ಟನ್ ಕಬ್ಬಿಗೆ ಸುಮಾರು 3ರಿಂದ 4 ಟನ್ ಪ್ರೆಸ್‌ಮಡ್ ಬರುತ್ತದೆ. ಅದರಲ್ಲಿ ಅಳಿದುಳಿದ ಸಕ್ಕರೆ, ನಾರು, ಮೇಣ, ಸಸಾರಜನಕ ವಸ್ತುಗಳು ಇವೆ. ಕೊನೆಯದಾಗಿ ಸಕ್ಕರೆಯ ಹರಳು ಕಟ್ಟದೆ ಉಳಿಯುವ ಕಾಕಂಬಿಯು ಡಿಸ್ಟಿಲರಿಗೆ ಹೋಗಿ, ಅಲ್ಲಿ ಹುದುಗಿ, ಮದ್ಯಸಾರವಾಗುತ್ತದೆ. ಮದ್ಯಸಾರವನ್ನು ಭಟ್ಟಿ ಇಳಿಸಿದ ಮೇಲೆ ಹಂಡೆಯ ತಳದಲ್ಲಿ ಉಳಿಯುವ ಕಡುಗಂದು ಬಣ್ಣದ, ಹುಳಿಯಾದ, ಬಿಸಿ ದ್ರವವೇ ಸ್ಪೆಂಟ್‌ವಾಶ್. ಒಂದು ಲೀಟರ್ ಮದ್ಯಸಾರಕ್ಕೆ ಸಾಮಾನ್ಯವಾಗಿ 8ರಿಂದ 15 ಲೀಟರ್ ಸ್ಪೆಂಟ್‌ವಾಶ್ ಉಳಿಯುತ್ತದೆ. ಪ್ರೆಸ್‌ಮಡ್ ಮತ್ತು ಸ್ಪೆಂಟ್‌ವಾಶ್, ಇವೆರಡೂ ನಮ್ಮ ಲೇಖನದ ವಸ್ತು.

ಆಮ್ಲಜನಕದ ಸಾಲ

ಕೊಳೆ ನೀರು ಹಳ್ಳಕ್ಕೆ ಹರಿದರೆ ಮೀನು ಸಾಯುತ್ತವೆ. ‘ವಿಷದಿಂದ ಸತ್ತವು’ ಎಂದು ಜನ ಹೇಳುತ್ತಾರೆ. ಆದರೆ ಅನೇಕ ಸಲ ಮೀನು ಸಾಯುವುದು ಉಸಿರು ಕಟ್ಟಿ. ನೀರಿನಲ್ಲಿ ಆಮ್ಲಜನಕವು ಸ್ವಲ್ಪಮಟ್ಟಿಗೆ ಕರಗಿರುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ಒಂದು ಲೀಟರ್ ಶುದ್ಧ ನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಮೀನಿನ ಉಸಿರಾಟಕ್ಕೆ ಇದೇ ಆಧಾರ. ಕೊಳೆಯು ನೀರಿಗೆ ಬಿದ್ದೊಡನೆ ಬ್ಯಾಕ್ಟೀರಿಯಗಳು ಅದನ್ನು ತಿನ್ನಲು ತೊಡಗಿ ಈ ಅಲ್ಪ ಸಂಗ್ರಹವನ್ನು ಬರಿದುಮಾಡುತ್ತವೆ.

ಒಂದು ಲೀಟರ್ ಕೊಳೆ ನೀರು ಹೀಗೆ ಎಷ್ಟು ಆಮ್ಲಜನಕವನ್ನು ಕಬಳಿಸಬಲ್ಲದೆಂಬುದನ್ನು ಅಳೆಯುವ ಕ್ರಮವುಂಟು. ಬ್ಯಾಕ್ಟೀರಿಯಗಳು ಕಬಳಿಸುವ ಪ್ರಮಾಣಕ್ಕೆ ಜೈವಿಕ ಆಮ್ಲಜನಕ ಬೇಡಿಕೆ ಎಂದೂ, ರಾಸಾಯನಿಕ ದ್ರವ್ಯಗಳಿಂದ ಪೂರ್ತಿ ಉತ್ಕರ್ಷಿಸಿ ಅಳೆದ ಪ್ರಮಾಣಕ್ಕೆ ರಾಸಾಯನಿಕ ಆಮ್ಲಜನಕ ಬೇಡಿಕೆ ಎಂದೂ ಹೆಸರು. ನಾವು ಇದನ್ನು ಸುಲಭವಾಗಿ ‘ಆಮ್ಲಜನಕದ ಸಾಲ’ ಎಂದು ಕರೆಯೋಣ. ಸ್ಪೆಂಟ್‌ವಾಶಿನ ಒಂದು ಲೀಟರಿಗೆ ಜೈವಿಕ ಬೇಡಿಕೆ ಸುಮಾರು 40 ಗ್ರಾಂ ಎಂದಿಟ್ಟುಕೊಂಡರೂ, ಅಂಥ ಒಂದೇ ಲೀಟರ್ ದ್ರವ 5,000 ಲೀಟರ್ ಹೊಳೆಯ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡಬಲ್ಲದು. ರಾಸಾಯನಿಕ ಬೇಡಿಕೆ ಇದಕ್ಕೂ ಹೆಚ್ಚು. ಅದು ಲೀಟರಿಗೆ 100 ಗ್ರಾಮಿನ ಆಸುಪಾಸಿನಲ್ಲಿರುತ್ತದೆ.

ಸಾಲವೆಂದ ಮೇಲೆ ತೀರಲೇಬೇಕು. ಅದು ಎಲ್ಲಿ ತೀರಬೇಕು ಎಂಬುದೊಂದೇ ನಮ್ಮ ಕೈಯಲ್ಲಿರುವ ಆಯ್ಕೆ.

ಅನಿಲವು ಹುಟ್ಟುವ ಬಗೆ

ಗಾಳಿಯಾಡದ ತೊಟ್ಟಿಯಲ್ಲಿ ರಾಡಿಯನ್ನು ಮುಚ್ಚಿಟ್ಟರೆ ಆಮ್ಲಜನಕವನ್ನು ಬೇಡದ ಸೂಕ್ಷ್ಮಜೀವಿಗಳು ಕೆಲಸಕ್ಕೆ ತೊಡಗುತ್ತವೆ. ಅವುಗಳ ಕೆಲಸವು ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲನೆಯ ತಂಡವು ನಾರು, ಪಿಷ್ಟ, ಮೇಣ ಮೊದಲಾದ ದೊಡ್ಡ ಅಣುಗಳನ್ನು ನೀರಿನಲ್ಲಿ ಕರಗುವ ಸಣ್ಣ ಅಣುಗಳಾಗಿ ಒಡೆಯುತ್ತದೆ. ಎರಡನೆಯ ತಂಡವು ಇವನ್ನು ಹುಳಿಯಾಗಿಸುತ್ತದೆ. ಇಡ್ಲಿಯ ಹಿಟ್ಟು ರಾತ್ರಿ ಕಳೆಯುವುದರೊಳಗೆ ಹುಳಿಯಾಗುವಂತೆಯೇ ಇದೂ. ಹೀಗೆ ಹುಟ್ಟುವ ಆಮ್ಲಗಳಲ್ಲಿ ಮುಖ್ಯವಾದುದು ವಿನೆಗರಿನಲ್ಲಿರುವ ಅಸೆಟಿಕ್ ಆಮ್ಲ. ಮೂರನೆಯ ತಂಡವು ಆ ಆಮ್ಲವನ್ನೂ ಜಲಜನಕವನ್ನೂ ಬಳಸಿಕೊಂಡು ಮೀಥೇನನ್ನು ಹೊರಬಿಡುತ್ತದೆ.

ಈ ಮೂರನೆಯ ತಂಡದ ಜೀವಿಗಳು ಬಹು ನಾಜೂಕಿನವು. 35ರಿಂದ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅವುಗಳಿಗೆ ಹಿತ. ಹುಳಿ ಹೆಚ್ಚಾದರೆ ಅವು ಕೆಲಸ ನಿಲ್ಲಿಸುತ್ತವೆ. ಆದರೆ ಎರಡನೆಯ ತಂಡ ನಿಲ್ಲುವುದಿಲ್ಲ. ಹುಳಿ ಇನ್ನೂ ಏರಿ ಇಡೀ ತೊಟ್ಟಿಯೇ ಕೆಡುತ್ತದೆ. ಹಸಿದ ಹೊಟ್ಟೆಗೆ ಒಮ್ಮೆಲೇ ಹಬ್ಬದೂಟ ಬಡಿಸಬಾರದೆಂಬ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ. ಬಿಸಿಯಾಗಿಯೂ ಹುಳಿಯಾಗಿಯೂ ಇರುವ ಸ್ಪೆಂಟ್‌ವಾಶನ್ನು ತಣಿಸಿ, ಹದವಾಗಿ, ದಿನದಿನವೂ ಒಂದೇ ಅಳತೆಯಲ್ಲಿ ಉಣಿಸಬೇಕಾಗುತ್ತದೆ.

ಈಗ ಸಕ್ಕರೆಯ ಒಂದು ಸರಳ ರೂಪವಾದ ಗ್ಲೂಕೋಸನ್ನು ಉದಾಹರಣೆಗೆ ತೆಗೆದುಕೊಂಡು ಲೆಕ್ಕ ನೋಡೋಣ. ಗಾಳಿಯಿಲ್ಲದ ತೊಟ್ಟಿಯಲ್ಲಿ ಗ್ಲೂಕೋಸಿನ ಒಂದು ಅಣುವಿನಿಂದ ಮೀಥೇನಿನ 3 ಅಣುಗಳೂ ಇಂಗಾಲದ ಡೈಆಕ್ಸೈಡಿನ 3 ಅಣುಗಳೂ ದೊರೆಯುತ್ತವೆ. ಒಂದು ಅಣು ಗ್ಲೂಕೋಸನ್ನು ಪೂರ್ತಿ ಉರಿಸಲು ಬೇಕಾದ ಆಮ್ಲಜನಕ 6 ಅಣುಗಳು. ಒಂದು ಅಣು ಮೀಥೇನನ್ನು ಉರಿಸಲು 2 ಅಣುಗಳು ಬೇಕು, ಮೂರಕ್ಕೆ 6. ಎರಡೂ ಸರಿಸಮ! ಅಂದರೆ ಗ್ಲೂಕೋಸಿನ ಮೇಲಿದ್ದ ಆಮ್ಲಜನಕದ ಸಾಲವು ಒಂದಿಷ್ಟೂ ಕಡಮೆಯಾಗಲಿಲ್ಲ. ಅದು ಹಾಗೆಯೇ ಮೀಥೇನಿಗೆ ವರ್ಗವಾಯಿತು. ಮೀಥೇನು ನೀರಿನಲ್ಲಿ ಹೆಚ್ಚು ಕರಗದೆ ಗುಳ್ಳೆಯಾಗಿ ಮೇಲೇಳುವುದರಿಂದ ಸಾಲವೂ ಅದರೊಡನೆ ನೀರನ್ನು ಬಿಟ್ಟು ಹೊರಡುತ್ತದೆ. ನದಿಯಲ್ಲಿ ಮೀನಿನ ಪ್ರಾಣದಿಂದ ತೀರಬೇಕಾಗಿದ್ದ ಸಾಲವು ಒಲೆಯಲ್ಲಿ ವಾತಾವರಣದ ಆಮ್ಲಜನಕದಿಂದ ತೀರುತ್ತದೆ. ತೀರುವಾಗ ನಮಗೆ ಶಾಖವನ್ನೂ ಕೊಡುತ್ತದೆ. ಕೊಳೆಯ ಕೇಡನ್ನು ಅಳೆಯುವ ಸಂಖ್ಯೆಯೂ ಅದರಿಂದ ಬರುವ ಇಂಧನವನ್ನು ಅಳೆಯುವ ಸಂಖ್ಯೆಯೂ ಒಂದೇ ಎಂಬುದು ಈ ವಿಷಯದ ತಿರುಳು.

ಶಾಖದ ಲೆಕ್ಕವೂ ಅಷ್ಟೇ ಸ್ವಾರಸ್ಯವಾದುದು. ಗ್ಲೂಕೋಸನ್ನು ನೇರವಾಗಿ ಉರಿಸಿದರೆ ಬರುವ ಶಾಖವನ್ನು 100 ಎಂದಿಟ್ಟುಕೊಂಡರೆ, ಅದರಿಂದ ಹುಟ್ಟುವ ಮೀಥೇನಿನಲ್ಲಿ ಸುಮಾರು 95 ಉಳಿದಿರುತ್ತದೆ. ಸೂಕ್ಷ್ಮಜೀವಿಗಳ ಬದುಕಿಗೆ ದೊರೆಯುವುದು ತೀರ ಸಣ್ಣ ಪಾಲು. ಆದುದರಿಂದಲೇ ಅವು ನಿಧಾನವಾಗಿ ಬೆಳೆಯುತ್ತವೆ. ಮೀಥೇನ್ ತಯಾರಿಸುವ ಕೆಲವು ಜೀವಿಗಳು ಇಮ್ಮಡಿಯಾಗಲು ದಿನಗಳೇ ಬೇಕು.

ಎಷ್ಟು ಅನಿಲ ದೊರೆತೀತು?

ಒಂದು ಅಣು ಮೀಥೇನಿಗೆ 2 ಅಣು ಆಮ್ಲಜನಕವೆಂದರೆ, 16 ಗ್ರಾಂ ಮೀಥೇನಿಗೆ 64 ಗ್ರಾಂ ಆಮ್ಲಜನಕ ಎಂದಾಯಿತು. 16 ಗ್ರಾಂ ಮೀಥೇನು ಸೊನ್ನೆ ಡಿಗ್ರಿ ಉಷ್ಣತೆಯಲ್ಲಿ, ವಾತಾವರಣದ ಸಾಮಾನ್ಯ ಒತ್ತಡದಲ್ಲಿ, 22.4 ಲೀಟರ್ ಜಾಗವನ್ನು ಆಕ್ರಮಿಸುತ್ತದೆಂಬುದನ್ನು ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲನು. 64 ಗ್ರಾಂ ಸಾಲಕ್ಕೆ 22.4 ಲೀಟರ್ ಆದರೆ, ಒಂದು ಕಿಲೋಗ್ರಾಂ ಸಾಲಕ್ಕೆ 350 ಲೀಟರ್. ಈ ಒಂದು ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡರೆ ಯಾವ ಕಾರ್ಖಾನೆಯ ಕೊಳೆಯಾದರೂ ಎಷ್ಟು ಮೀಥೇನ್ ಕೊಟ್ಟೀತೆಂದು ಕಾಗದದ ಮೇಲೆಯೇ ಹೇಳಬಹುದು.

ದಿನಕ್ಕೆ 60,000 ಲೀಟರ್ ಮದ್ಯಸಾರ ತೆಗೆಯುವ ಒಂದು ಡಿಸ್ಟಿಲರಿಯನ್ನು ಕಲ್ಪಿಸಿಕೊಳ್ಳೋಣ. ಲೀಟರಿಗೆ 10 ಲೀಟರಿನಂತೆ 6 ಲಕ್ಷ ಲೀಟರ್ ಸ್ಪೆಂಟ್‌ವಾಶ್. ಲೀಟರಿಗೆ 100 ಗ್ರಾಂ ಸಾಲದಂತೆ ಒಟ್ಟು ಸಾಲ 60 ಟನ್. ತೊಟ್ಟಿಯಲ್ಲಿ ಇದರ ನೂರರಲ್ಲಿ 65 ಪಾಲು ತೀರುವುದೆಂದರೆ 39 ಟನ್. ಅದರಿಂದ ಬರುವ ಮೀಥೇನು ಸುಮಾರು 13,600 ಘನಮೀಟರ್. ಒಂದು ಘನಮೀಟರಿನ ಶಾಖ ಸುಮಾರು 36 ಮೆಗಾಜೂಲ್. ಈ ಶಾಖವನ್ನು ಅಡುಗೆಯ ಅನಿಲದ 14.2 ಕಿಲೋಗ್ರಾಮಿನ ಸಿಲಿಂಡರಿನೊಡನೆ ಹೋಲಿಸಿದರೆ ದಿನಕ್ಕೆ ಸುಮಾರು 750 ಸಿಲಿಂಡರುಗಳಿಗೆ ಸಮನಾಗುತ್ತದೆ. ಹಳ್ಳಕ್ಕೆ ಬಿಟ್ಟಿದ್ದರೆ ದುರ್ವಾಸನೆಯಾಗಿ ಹೋಗುತ್ತಿದ್ದುದು ಇಷ್ಟು!

ಪ್ರೆಸ್‌ಮಡ್ಡಿನ ವಿಷಯದಲ್ಲಿ ಅನುಭವದಿಂದ ತಿಳಿದುಬಂದ ಪ್ರಮಾಣವೆಂದರೆ, 25ರಿಂದ 30 ಟನ್ ಪ್ರೆಸ್‌ಮಡ್ಡಿನಿಂದ ಶುದ್ಧೀಕರಿಸಿದ ಅನಿಲ ಸುಮಾರು ಒಂದು ಟನ್ ದೊರೆಯುತ್ತದೆ.

ತೊಟ್ಟಿಯ ರಚನೆ

ನಮ್ಮ ದೇಶಕ್ಕೆ ಈ ವಿದ್ಯೆ ಹೊಸದಲ್ಲ. ಜಶಭಾಯಿ ಪಟೇಲರು ರೂಪಿಸಿದ, ಮೇಲೆ ತೇಲುವ ಕಬ್ಬಿಣದ ಡ್ರಮ್ಮಿರುವ ಗೋಬರ್ ಗ್ಯಾಸ್ ತೊಟ್ಟಿಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 1962ರಲ್ಲಿ ಅಂಗೀಕರಿಸಿ ಹಳ್ಳಿಗಳಿಗೆ ಹಂಚಿತು. ಕರ್ನಾಟಕದಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದ ಮೂಲಕ, ಊರಿನ ಸಗಣಿಯನ್ನು ಕೂಡಿಸಿ ಅನಿಲ ತೆಗೆದು, ಅದರಿಂದ ಎಂಜಿನ್ ನಡೆಸಿ, 1980ರ ದಶಕದ ಕೊನೆಯಿಂದ ಕೆಲವು ವರ್ಷ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದರು. ಆ ಹಳ್ಳಿಯ ಜನ ತೊಟ್ಟಿಗೆ ಸಗಣಿಯನ್ನು ಕೊಟ್ಟು, ಅನಿಲ ಹೋದ ಬಳಿಕ ಅದರ ಗೊಬ್ಬರವನ್ನು ಮರಳಿ ಪಡೆಯುತ್ತಿದ್ದರು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಬರುತ್ತದೆ.

ಸಗಣಿಯ ತೊಟ್ಟಿಯಲ್ಲಿ ರಾಡಿಯು ಮೂವತ್ತು, ನಾಲ್ವತ್ತು ದಿನ ನಿಲ್ಲುತ್ತದೆ. ಕಾರ್ಖಾನೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಲೀಟರ್ ಬರುವುದರಿಂದ ಅಷ್ಟು ದಿನ ನಿಲ್ಲಿಸಲು ಕೆರೆಯಷ್ಟು ತೊಟ್ಟಿ ಬೇಕು. ಬೇಗ ಹರಿಯಬಿಟ್ಟರೆ, ನಿಧಾನವಾಗಿ ಬೆಳೆಯುವ ಸೂಕ್ಷ್ಮಜೀವಿಗಳು ನೀರಿನೊಡನೆ ಕೊಚ್ಚಿಹೋಗುತ್ತವೆ. ಈ ತೊಡಕನ್ನು 1970ರ ದಶಕದಲ್ಲಿ ಹಾಲೆಂಡಿನ ವಾಗೆನಿಂಗೆನ್ನಿನ ವಿಜ್ಞಾನಿ ಲೆಟಿಂಗಾ ಮತ್ತು ಅವರ ಸಂಗಡಿಗರು ಬಿಡಿಸಿದರು. ಅವರ ಪ್ರಯೋಗವೂ ಒಂದು ಸಕ್ಕರೆ ಕಾರ್ಖಾನೆಯ ಕೊಳೆ ನೀರಿನ ಮೇಲೆಯೇ ನಡೆದುದು ಗಮನಾರ್ಹ. ಅಲ್ಲಿ ಸಕ್ಕರೆ ಬರುವುದು ಬೀಟ್ ಗಡ್ಡೆಯಿಂದ. ಅವರು ಕೊಳೆ ನೀರನ್ನು ತೊಟ್ಟಿಯ ತಳದಿಂದ ಮೆಲ್ಲಗೆ ಮೇಲಕ್ಕೆ ಹರಿಸಿದರು. ಆಗ ಸೂಕ್ಷ್ಮಜೀವಿಗಳು ಒಂದಕ್ಕೊಂದು ಅಂಟಿ ಎಳ್ಳುಕಾಳಿನಷ್ಟು ದಪ್ಪದ ಹರಳುಗಳಾದವು. ಬಿಡಿ ಜೀವಿಗಿಂತ ಹರಳು ಬೇಗ ತಳಕ್ಕಿಳಿಯುವುದರಿಂದ ಮೇಲಕ್ಕೆ ಹರಿಯುವ ನೀರು ಅದನ್ನು ಹೊತ್ತೊಯ್ಯಲಾರದು. ನೀರು ಹೊರಟುಹೋಗುತ್ತದೆ, ಅನಿಲ ಮೇಲೇರುತ್ತದೆ, ಹರಳು ತಳದಲ್ಲಿಯೇ ನಿಲ್ಲುತ್ತದೆ. ಕಬ್ಬು ನುರಿಸುವ ಹಂಗಾಮು ಮುಗಿದು ತೊಟ್ಟಿಗೆ ಆಹಾರವಿಲ್ಲದಾದಾಗಲೂ ಈ ಜೀವಿಗಳು ತಿಂಗಳುಗಟ್ಟಲೆ ನಿದ್ರಿಸಿ ಮತ್ತೆ ಎಚ್ಚರಗೊಳ್ಳಬಲ್ಲವು.

ಒಂದು ಸಣ್ಣ ಪ್ರಯೋಗ

ಅನಿಲದಲ್ಲಿ ಏನೇನಿದೆ ಎಂಬುದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ನೋಡಬಹುದು. ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಕಿಲೋ ಸಗಣಿ, ಅರ್ಧ ಕಿಲೋ ಪ್ರೆಸ್‌ಮಡ್, ಎರಡು ಲೀಟರ್ ನೀರು ಕಲಸಿ, ಬಿರಡೆಯ ಮೂಲಕ ರಬ್ಬರಿನ ಕೊಳವೆಯನ್ನು ಹೊರತಂದು, ವೋಲ್ಟಾ ಮಾಡಿದಂತೆಯೇ ನೀರು ತುಂಬಿ ಬೋರಲಿಟ್ಟ ಸೀಸೆಯೊಳಕ್ಕೆ ಬಿಡಬೇಕು. ಮೊದಮೊದಲು ಬರುವ ಅನಿಲ ಉರಿಯುವುದಿಲ್ಲ. ಅದರಲ್ಲಿ ಡಬ್ಬಿಯ ಗಾಳಿಯೂ ಇಂಗಾಲದ ಡೈಆಕ್ಸೈಡೂ ಹೆಚ್ಚು. ಅದನ್ನು ಬಯಲಿಗೆ ಬಿಟ್ಟುಬಿಡಬೇಕು. ಎರಡು ಮೂರು ವಾರಗಳ ಬಳಿಕ ಬರುವ ಅನಿಲದಲ್ಲಿ 100 ಮಿಲಿಲೀಟರನ್ನು ಗುರುತು ಹಾಕಿದ ನಳಿಗೆಯಲ್ಲಿ ಹಿಡಿದು, ಅಧ್ಯಾಪಕರ ಸಮ್ಮುಖದಲ್ಲಿ ಅದಕ್ಕೆ ಕಾಸ್ಟಿಕ್ ಸೋಡದ ದ್ರಾವಣವನ್ನು ತಾಗಿಸಿದರೆ, ನಳಿಗೆಯಲ್ಲಿ ದ್ರವ ಮೇಲೇರುತ್ತದೆ. ಇಂಗಾಲದ ಡೈಆಕ್ಸೈಡು ದ್ರಾವಣದಲ್ಲಿ ಲೀನವಾದುದೇ ಇದಕ್ಕೆ ಕಾರಣ. 40 ಮಿಲಿಲೀಟರಿನಷ್ಟು ಕುಗ್ಗಿ 60ರಷ್ಟು ಉಳಿದರೆ, ಉಳಿದುದು ಬಹುಮಟ್ಟಿಗೆ ಮೀಥೇನು. ಗ್ಲೂಕೋಸಿನ ಲೆಕ್ಕದಂತೆ ಅರ್ಧಕ್ಕರ್ಧ ಇರಬೇಕಾಗಿತ್ತಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಡೈಆಕ್ಸೈಡಿನ ಒಂದು ಭಾಗ ತೊಟ್ಟಿಯ ನೀರಿನಲ್ಲಿಯೇ ಕರಗಿ ನಿಲ್ಲುತ್ತದೆ. ಮೇಣ, ಸಸಾರಜನಕಗಳು ಸಕ್ಕರೆಗಿಂತ ಹೆಚ್ಚು ಪಾಲು ಮೀಥೇನನ್ನು ಕೊಡುತ್ತವೆ.

ಕಾರ್ಖಾನೆಗಳಲ್ಲಿ ಅನಿಲವನ್ನು ಶುದ್ಧಿಮಾಡುವುದೂ ಇದೇ ತತ್ತ್ವದಿಂದ. ಡೈಆಕ್ಸೈಡು ಮೀಥೇನಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ನೀರಿನಲ್ಲಿ ಕರಗುವುದರಿಂದ, ಒತ್ತಡದಲ್ಲಿ ನೀರಿನ ತುಂತುರಿನ ಮೂಲಕ ಹಾಯಿಸಿದರೆ ಮೀಥೇನು ಬೇರ್ಪಡುತ್ತದೆ. ನೂರರಲ್ಲಿ 90 ಪಾಲಿಗೂ ಮೇಲ್ಪಟ್ಟು ಮೀಥೇನಿರುವ ಅನಿಲವನ್ನು ಅದುಮಿ ಸಿಲಿಂಡರಿಗೆ ತುಂಬಿ ವಾಹನಗಳನ್ನು ಓಡಿಸಬಹುದು. ಇಂಥ ಅನಿಲವನ್ನು ತೈಲ ಕಂಪನಿಗಳು ಕೊಳ್ಳುವ ‘ಸತತ್’ ಎಂಬ ಯೋಜನೆಯನ್ನು ಕೇಂದ್ರ ಸರಕಾರವು 2018ರ ಅಕ್ಟೋಬರಿನಲ್ಲಿ ಆರಂಭಿಸಿತು. ಶುದ್ಧಿಯ ತೊಂದರೆ ಬೇಡವೆನ್ನುವ ಕಾರ್ಖಾನೆಯು ಅನಿಲವನ್ನು ತನ್ನ ಬಾಯ್ಲರಿಗೇ ಉಣಿಸಿ ಕಬ್ಬಿನ ಸಿಪ್ಪೆಯನ್ನು ಉಳಿಸಿಕೊಳ್ಳಬಹುದು.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಅರ್ಧವನ್ನೇ ಹೇಳಿದಂತಾಗುತ್ತದೆ. ಈ ಅನಿಲದಲ್ಲಿ ಮೂರನೆಯ ಒಂದು ವಸ್ತುವುಂಟು. ಅದೇ ಹೈಡ್ರೊಜನ್ ಸಲ್ಫೈಡ್. ಕಬ್ಬಿನ ಹಾಲನ್ನು ತಿಳಿಗೊಳಿಸಲು ಬಳಸಿದ ಗಂಧಕವೇ ಕೊನೆಗೆ ಈ ರೂಪವನ್ನು ತಾಳುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಮೆ ಇದ್ದರೂ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಆದರೆ ನೂರು ಪಾಲಿನಷ್ಟಾದಾಗ ಕೆಲವೇ ನಿಮಿಷಗಳಲ್ಲಿ ಮೂಗು ಸೋತುಹೋಗಿ ನಾತವೇ ತಿಳಿಯದಾಗುತ್ತದೆ. ಏಳು ನೂರು ಪಾಲನ್ನು ಮೀರಿದರೆ ಕೆಲವು ಉಸಿರುಗಳಲ್ಲಿಯೇ ಎಚ್ಚರ ತಪ್ಪಿ ಪ್ರಾಣ ಹೋಗಬಹುದು. ಸ್ಪೆಂಟ್‌ವಾಶಿನಿಂದ ಬರುವ ಕಚ್ಚಾ ಅನಿಲದಲ್ಲಿ ಇದು ನೂರಕ್ಕೆ ಎರಡು ಪಾಲು, ಅಂದರೆ ಹತ್ತು ಲಕ್ಷಕ್ಕೆ ಇಪ್ಪತ್ತು ಸಾವಿರ ಪಾಲು, ಇರುವುದುಂಟು.

‘ಮೀಥೇನು ಗಾಳಿಗಿಂತ ಹಗುರ, ಮುಚ್ಚಳ ತೆರೆದರೆ ತಾನೇ ಹಾರಿಹೋಗುತ್ತದೆ’ ಎಂಬ ನಂಬಿಕೆ ತಪ್ಪು. ಮೀಥೇನಿನ ಅಣುತೂಕ 16, ಗಾಳಿಯದು ಸರಾಸರಿ 29 ಎಂಬುದು ನಿಜ. ಆದರೆ ಡೈಆಕ್ಸೈಡಿನದು 44. 60 ಪಾಲು ಮೀಥೇನು, 40 ಪಾಲು ಡೈಆಕ್ಸೈಡು ಬೆರೆತ ಅನಿಲದ ಸರಾಸರಿ ತೂಕ 27ಕ್ಕೂ ಸ್ವಲ್ಪ ಹೆಚ್ಚು. ಗಾಳಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಆದುದರಿಂದ ಗಾಳಿಯಾಡದ ಗುಂಡಿಯಲ್ಲಿ ಅದು ಗಂಟೆಗಟ್ಟಲೆ ನಿಂತಿರಬಲ್ಲದು. ರಾಡಿಯನ್ನು ಕಲಕಿದಾಗಲಂತೂ ಒಳಗೆ ಅಡಗಿದ್ದುದೆಲ್ಲ ಒಮ್ಮೆಲೇ ಹೊರಬೀಳುತ್ತದೆ. ಗುಂಡಿಯನ್ನು ಶುಚಿಮಾಡಲು ಇಳಿದ ಒಬ್ಬನು ಬಿದ್ದಾಗ, ಅವನನ್ನು ಎತ್ತಲೆಂದು ಇನ್ನೊಬ್ಬನು ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಸತ್ತವರಲ್ಲಿ ಕಾಪಾಡಲು ಹೋದವರೂ ಸೇರಿರುವ ಸುದ್ದಿಗಳನ್ನು ನಾವು ಮತ್ತೆ ಮತ್ತೆ ಓದುತ್ತಿರುತ್ತೇವೆ. ಗಾಳಿಯನ್ನು ಊದಿ, ಯಂತ್ರದಿಂದ ಅಳೆದು, ಸೊಂಟಕ್ಕೆ ಹಗ್ಗ ಕಟ್ಟಿ, ಹೊರಗಿನ ಗಾಳಿಯನ್ನು ಒದಗಿಸುವ ಮುಖವಾಡ ತೊಟ್ಟ ಹೊರತು ಯಾರೂ ಇಂಥ ಗುಂಡಿಗೆ ಇಳಿಯತಕ್ಕದ್ದಲ್ಲ. ಬೂದಿ ಮುಚ್ಚಿದ ಕೆಂಡವೆನ್ನುವುದು ಇದಕ್ಕೇ ಸರಿ. ನೂರು ಪಾಲು ಗಾಳಿಯಲ್ಲಿ 5ರಿಂದ 15 ಪಾಲು ಮೀಥೇನು ಬೆರೆತರೆ ಒಂದು ಬೀಡಿಯ ಕಿಡಿಯಿಂದಲೂ ಸ್ಫೋಟವಾಗುತ್ತದೆ.

ಉಳಿದುದು ಯಾರಿಗೆ?

ಇನ್ನು ನಮ್ಮ ಮೂರನೆಯ ಪ್ರಶ್ನೆ. ಅನಿಲ ತೆಗೆದ ಮೇಲೆ ಸ್ಪೆಂಟ್‌ವಾಶ್ ಶುದ್ಧ ನೀರಾಗುವುದಿಲ್ಲ. ಸಾಲದ ಮೂರನೆಯ ಒಂದು ಪಾಲು ಇನ್ನೂ ಉಳಿದಿರುತ್ತದೆ. ಕಂದು ಬಣ್ಣ ಹೋಗುವುದಿಲ್ಲ. ಅದನ್ನು ಆವಿಯಾಗಿಸಿ ಗಟ್ಟಿಮಾಡಿ ಉರಿಸುವುದೋ, ಪ್ರೆಸ್‌ಮಡ್ಡಿನೊಡನೆ ಕೊಳೆಸಿ ಗೊಬ್ಬರ ಮಾಡುವುದೋ ಅವಶ್ಯಕ. ‘ಅನಿಲ ತೆಗೆದೆವು, ಇನ್ನು ಹಳ್ಳಕ್ಕೆ ಬಿಡಬಹುದು’ ಎನ್ನುವುದು ಸಾಲದ ಎರಡು ಪಾಲು ಕೊಟ್ಟು ಪತ್ರವನ್ನು ಹರಿದುಹಾಕಿದಂತೆ.

ಆದರೆ ಉಳಿದುದರಲ್ಲಿ ಸಂಪತ್ತೂ ಇದೆ. ಅನಿಲವಾಗಿ ಹೋದುದು ಬಹುಪಾಲು ಇಂಗಾಲ, ಜಲಜನಕ, ಆಮ್ಲಜನಕಗಳು ಮಾತ್ರ. ಇವು ಮೂರೂ ಕಬ್ಬಿಗೆ ಗಾಳಿಯಿಂದಲೂ ನೀರಿನಿಂದಲೂ ಬಂದವು. ಬೇರು ನೆಲದಿಂದ ಎಳೆದುಕೊಂಡ ಪೊಟ್ಯಾಸಿಯಂ, ರಂಜಕ, ಸಾರಜನಕಗಳು ತೊಟ್ಟಿಯಲ್ಲಿಯೇ ಉಳಿಯುತ್ತವೆ. ಹಸಿ ಪ್ರೆಸ್‌ಮಡ್ಡನ್ನು ಹಾಗೆಯೇ ಹೊಲಕ್ಕೆ ಹಾಕಿದರೆ ಅದು ಕೊಳೆಯುವಾಗ ಕಾವೇರಿ ಎಳೆಯ ಪೈರಿಗೆ ಕೇಡಾಗುವುದನ್ನು ರೈತರು ಬಲ್ಲರು. ತೊಟ್ಟಿಯಿಂದ ಬಂದ ಗೊಬ್ಬರಕ್ಕೆ ಈ ದೋಷ ಬಹಳ ಕಡಮೆ.

ಪ್ರೆಸ್‌ಮಡ್ಡಿಗೆ ಇಂಧನದ ಬೆಲೆ ಬಂದಂತೆ, ಹೊಲಕ್ಕೆ ಬರುತ್ತಿದ್ದ ಟ್ರಾಲಿಗಳು ಅನಿಲದ ತೊಟ್ಟಿಯ ಕಡೆ ತಿರುಗುವುದು ಸಹಜ. ತಿರುಗಲಿ, ಅನಿಲ ತೆಗೆಯುವುದರಿಂದ ನೆಲಕ್ಕೆ ಸೇರಬೇಕಾದ ಲವಣಗಳಲ್ಲಿ ಕೊರತೆಯೇನೂ ಆಗದು. ಆದರೆ ಪುರ ಹಳ್ಳಿಯ ಜನ ಮಾಡಿಕೊಂಡ ಕರಾರು ಇಲ್ಲಿಯೂ ಇರಬೇಕು. ಸೂರ್ಯನ ಬೆಳಕಿನಿಂದ ಬಂದ ಶಾಖವನ್ನು ಕಾರ್ಖಾನೆ ಇಟ್ಟುಕೊಳ್ಳಲಿ. ಹೊಲದಿಂದ ಬಂದುದು ಹೊಲಕ್ಕೆ ಮರಳಲಿ. ನಮ್ಮ ಕಬ್ಬಿನ ಮನೆಗಳ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮನೆಗೆ ಒಯ್ದು, ಕಾರ್ಖಾನೆಯ ಸಭೆಗಳಲ್ಲಿ ಕೇಳಬಲ್ಲವರಾದರೆ, ಭೌತವಿಜ್ಞಾನದ ಒಂದು ಪಾಠವು ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.